ರೈಲು ಹೊಳೆಯಾಚೆ ಹೋಯಿತು: ನಿಕೊಡೆಮಸ್ ಹಳ್ಳಿಯ ಕಥೆ

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ, ಸಾಲಮನ್ ನದಿಯ ಹತ್ತಿರ ನಿಕೊಡೆಮಸ್ ಅನ್ನುವ ಹಳ್ಳಿಯಿದೆ. 2020ರ ಜನಗಣತಿಯ ಹೊತ್ತಿಗೆ ಅಲ್ಲಿ 20 ಜನರೂ ಇರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ 1877ರಲ್ಲಿ ಹುಟ್ಟಿದ ಊರಿದು. ಬಂದವರಲ್ಲಿ ಹೆಚ್ಚಿನವರು ಕೆಂಟಕಿಯವರು. ಎಲಿಸ್ ಪಟ್ಟಣದ ತನಕ ರೈಲಿತ್ತು. ಅಲ್ಲಿಂದ ಮುಂದೆ ಸುಮಾರು 55 ಕಿಲೋಮೀಟರ್ ಬಯಲು ದಾಟಬೇಕಿತ್ತು.

1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಊರೆಲ್ಲಿ ಎಂದು ಸುತ್ತ ನೋಡಿದರು. ಒಂದು ಮನೆಯೂ ಕಾಣಲಿಲ್ಲ. ಗಂಡ ತೋರಿಸಿದ ಕಡೆ ನೆಲದೊಳಗಿಂದ ಹೊಗೆ ಏಳುತ್ತಿತ್ತು. ಅದೇ ಊರು! ಜನ ಮಣ್ಣು ತೋಡಿ ಒಳಗೆ ವಾಸವಾಗಿದ್ದರು. ವಿಲಿಯಾನಾ ಅವರಿಗೆ ಅಳುವೇ ಬಂತು.

ಆದರೆ ಆ ನೆಲದಲ್ಲಿ ಅದೇ ಜಾಣತನದ ಮನೆ. ಪ್ರೈರಿಯಲ್ಲಿ, ಅಂದರೆ ಅಮೆರಿಕದ ಹುಲ್ಲುಬಯಲಿನಲ್ಲಿ, ಮರಗಳು ಕಡಿಮೆ. ಮಳೆ ಸಾಲದು, ಆಗಾಗ ಕಾಡ್ಗಿಚ್ಚು, ಜೊತೆಗೆ ಕಾಡೆಮ್ಮೆ ಹಿಂಡುಗಳ ಮೇಯುವಿಕೆ. ಹುಲ್ಲು ಇವೆಲ್ಲವನ್ನೂ ತಡೆದುಕೊಳ್ಳುತ್ತದೆ, ಯಾಕೆಂದರೆ ಅದರ ಜೀವ ಇರುವುದು ನೆಲದಡಿ. ಕೆಲವು ಹುಲ್ಲುಗಳ ಬೇರು ಎರಡು ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ. ಆ ಬೇರುಗಳು ಮೇಲ್ಮಣ್ಣನ್ನು ಎಷ್ಟು ಬಿಗಿಯಾಗಿ ಹೆಣೆದಿರುತ್ತವೆ ಎಂದರೆ, ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಗೋಡೆಯನ್ನೇ ಕಟ್ಟಬಹುದು. ನೆಲದೊಳಗಿನ ಕೋಣೆ ಬೇಸಿಗೆಯಲ್ಲಿ ತಂಪು, ಹಿಮಗಾಲದಲ್ಲಿ ಬೆಚ್ಚಗೆ. ಮಣ್ಣು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ, ಅಷ್ಟೇ.

ಇದೇ ಬೇರಿನ ಹೆಣಿಗೆ ಬೇಸಾಯಕ್ಕೆ ಮಾತ್ರ ಶತ್ರುವಾಯಿತು. ನೇಗಿಲು, ಕುದುರೆ ಇಲ್ಲದವರು ಗುದ್ದಲಿಯಲ್ಲೇ ಆ ನೆಲವನ್ನು ಅಗೆಯಬೇಕಾಯಿತು. ಮೊದಲ ಚಳಿಗಾಲದಲ್ಲಿ ಹೊಟ್ಟೆಗಿಲ್ಲದ ಪರಿಸ್ಥಿತಿ. ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಮೂಲನಿವಾಸಿಗಳು ತಮ್ಮ ಆಹಾರ ಹಂಚಿಕೊಂಡರು ಎಂದು ಊರಿನವರು ಇಂದಿಗೂ ನೆನೆಯುತ್ತಾರೆ.

ಮಳೆಯ ಲೆಕ್ಕವೂ ಅಲ್ಲಿ ನಾಜೂಕು. ಪಶ್ಚಿಮದ ರಾಕಿ ಪರ್ವತಗಳು ಪೆಸಿಫಿಕ್ ಕಡೆಯ ತೇವವನ್ನು ತಡೆಯುತ್ತವೆ. ಮೆಕ್ಸಿಕೊ ಕೊಲ್ಲಿಯ ತೇವ ಪಶ್ಚಿಮಕ್ಕೆ ಹೋದಷ್ಟೂ ಬರಿದಾಗುತ್ತದೆ. ನೂರನೇ ರೇಖಾಂಶದ ಆಚೆ ವರ್ಷಕ್ಕೆ 20 ಇಂಚಿಗಿಂತ ಕಡಿಮೆ ಮಳೆ, ನೀರಾವರಿ ಇಲ್ಲದೆ ಬೇಸಾಯ ಕಷ್ಟ ಎಂದು ಭೂವಿಜ್ಞಾನಿ ಜಾನ್ ವೆಸ್ಲಿ ಪಾವೆಲ್ 1878ರಲ್ಲೇ ವರದಿ ಕೊಟ್ಟಿದ್ದರು. ನಿಕೊಡೆಮಸ್ ಇರುವುದು ಹೆಚ್ಚುಕಮ್ಮಿ ಆ ಗೆರೆಯ ಅಂಚಿನಲ್ಲೇ. ಒಂದು ವರ್ಷ ಸುಗ್ಗಿ, ಇನ್ನೊಂದು ವರ್ಷ ಬರ.

ಆದರೂ ಊರು ಬೆಳೆಯಿತು. ಹೋಟೆಲು, ಬ್ಯಾಂಕು, ಚರ್ಚು, ಶಾಲೆ, ಎರಡು ಪತ್ರಿಕೆ! ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರಾಗಿ ಚುನಾಯಿತರಾದರು.

ಇನ್ನು ಬೇಕಿದ್ದದ್ದು ರೈಲು. ಗೋಧಿಯಂಥ ಭಾರದ ಸರಕನ್ನು ಗಾಡಿಯಲ್ಲಿ ದೂರ ಸಾಗಿಸಿದರೆ ಲಾಭವೆಲ್ಲ ದಾರಿಯಲ್ಲೇ ಕರಗುತ್ತದೆ. ಹಾಗಾಗಿ ಹಳಿ ಬರಲೆಂದು 1887ರಲ್ಲಿ ಜನ 16,000 ಡಾಲರ್ ಸಾಲಪತ್ರಕ್ಕೆ ಮತ ಹಾಕಿದರು. ರೈಲು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ಹೊಳೆಯ ಆ ದಡದಲ್ಲಿ. ಕೆಲವೇ ಮೈಲಿ ಆಚೆ ಬೋಗ್ ಎಂಬ ಊರು ಎದ್ದಿತು. ಅಂಗಡಿಯವರು ಅಲ್ಲಿಗೆ ಗಂಟುಮೂಟೆ ಕಟ್ಟಿದರು.

ನನಗನ್ನಿಸುವುದು ಇಷ್ಟು: ಅಲ್ಲಿನ ಜನ ಸೋತಿದ್ದಕ್ಕೆ ಊರು ಸಣ್ಣದಾಗಲಿಲ್ಲ. ಅಷ್ಟೆಲ್ಲ ದುಡಿದವರ ಕೈಯಿಂದ ಊರನ್ನು ಕಸಿದದ್ದು ಹಳಿ ಹೊಳೆಯ ಯಾವ ದಡದಲ್ಲಿ ಹೋಗಬೇಕು ಎಂಬ ಒಂದು ನಿರ್ಧಾರ. 1930ರ ದಶಕದ ಬರ, ದೂಳಿನ ಬಿರುಗಾಳಿಗಳು ಉಳಿದ ಪೆಟ್ಟು ಕೊಟ್ಟವು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

1996ರಿಂದ ನಿಕೊಡೆಮಸ್ ರಾಷ್ಟ್ರೀಯ ಐತಿಹಾಸಿಕ ತಾಣ. ಪ್ರತಿ ಜುಲೈ ಕೊನೆಗೆ ಮೊದಲ ವಲಸಿಗರ ಮೊಮ್ಮಕ್ಕಳು, ಮರಿಮಕ್ಕಳು ದೂರದೂರದ ನಗರಗಳಿಂದ ಬಂದು ಸೇರುತ್ತಾರೆ. ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ 1834ರ ಆಗಸ್ಟ್ 1ರಂದು ಗುಲಾಮಗಿರಿ ರದ್ದಾದ ದಿನದ ನೆನಪಿಗೆ ಶುರುವಾದ ಹಬ್ಬ ಅದು.