ಸಿನಿಮಾ ಮುಗಿಸಲು ನಿಷೇಧವೇ ಬೇಕಿಲ್ಲ

ವಿತರಣೆಯಲ್ಲಿ ಪಳಗಿದವರಿಗೆ ಇದು ಗೊತ್ತು: ಒಂದು ಸಿನಿಮಾ ಮುಗಿಸಬೇಕು ಅಂದ್ರೆ ಅದನ್ನು ತಡೆಯಲೇಬೇಕು ಅಂತೇನಿಲ್ಲ. ಕೆಟ್ಟದಾಗಿ ರಿಲೀಸ್ ಮಾಡಿದರೂ ಸಾಕು. ತಪ್ಪು ವಾರ, ಎರಡು ಮೂರು ಪರದೆ, ಪ್ರಚಾರ ಸೊನ್ನೆ. ಮುಂದಿನ ಶುಕ್ರವಾರ ಎತ್ತಂಗಡಿ. ಜನ ನೋಡಲಿಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು.

ಇದಕ್ಕೆ ನಾನು ಕೊಡುವ ಉದಾಹರಣೆ ಮೆಕ್ಸಿಕೋದ ನಿರ್ದೇಶಕ ಲೂಯಿಸ್ ಎಸ್ತ್ರಾದಾ. 1999ರ ಅವರ ಚಿತ್ರ ‘ಲಾ ಲೇ ದೆ ಎರೋದೆಸ್’. ಕಥೆ ನಡೆಯುವುದು 1949ರಲ್ಲಿ. ಹುವಾನ್ ವರ್ಗಾಸ್ ಎಂಬ ಪಾಪದ ಕಾರ್ಯಕರ್ತನನ್ನು ಪಕ್ಷದವರು ಒಂದು ಕುಗ್ರಾಮಕ್ಕೆ ಮೇಯರ್ ಮಾಡಿ ಕಳಿಸುತ್ತಾರೆ. ಖಜಾನೆಯಲ್ಲಿ ಕಾಸಿಲ್ಲ ಅಂತ ಆತ ಗೋಳಾಡಿಕೊಂಡು ಹೋದರೆ ಮೇಲಿನವರು ಅವನ ಕೈಗೆ ಎರಡು ವಸ್ತು ಕೊಡುತ್ತಾರೆ. ಒಂದು ಕಾನೂನು ಪುಸ್ತಕ, ಇನ್ನೊಂದು ಪಿಸ್ತೂಲು. ಅಲ್ಲಿಂದ ಶುರು ನೋಡಿ ವಸೂಲಿ.

ಹಳೇ ಕಾಲದ ಕಥೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಎಸ್ತ್ರಾದಾ ಪಕ್ಷಕ್ಕೆ ಸುಳ್ಳು ಹೆಸರು ಇಡಲಿಲ್ಲ. ಪಿಆರ್‌ಐ ಎಂದೇ ಕರೆದರು. ಆಗಲೂ ದೇಶ ಆಳುತ್ತಿದ್ದದ್ದು ಅದೇ ಪಕ್ಷ, ಮುಂದಿನ ವರ್ಷ ಅಧ್ಯಕ್ಷರ ಚುನಾವಣೆ ಬೇರೆ. ತಮಾಷೆಯೆಂದರೆ ಚಿತ್ರಕ್ಕೆ ದುಡ್ಡು ಹಾಕಿದವರಲ್ಲಿ ಸರ್ಕಾರದ್ದೇ ಸಿನಿಮಾ ಸಂಸ್ಥೆ ಇಮ್‌ಸಿನೆಯೂ ಇತ್ತು!

ಅಕಾಪುಲ್ಕೊ ಚಿತ್ರೋತ್ಸವದ ಪ್ರದರ್ಶನ ನಿಲ್ಲಿಸಲು ಪ್ರಯತ್ನ ನಡೆಯಿತು, ಸುದ್ದಿ ದೊಡ್ಡದಾಯಿತು. ಆಮೇಲೆ ಡಿಸೆಂಬರ್‌ನಲ್ಲಿ ಬೆರಳೆಣಿಕೆಯ ಪರದೆಗಳಲ್ಲಿ ಅವಸರದ ಬಿಡುಗಡೆ. ಎಸ್ತ್ರಾದಾ ಕೂಗೆಬ್ಬಿಸಿದರು. ಕೊನೆಗೆ ಇಮ್‌ಸಿನೆಯ ಮುಖ್ಯಸ್ಥರು ಕುರ್ಚಿ ಬಿಟ್ಟರು, ಚಿತ್ರದ ಹಕ್ಕು ನಿರ್ದೇಶಕರ ಕೈಗೆ ಬಂತು. 2000ದ ಫೆಬ್ರವರಿಯಲ್ಲಿ ಸರಿಯಾಗಿ ಬಿಡುಗಡೆ ಮಾಡಿದರು, ಜನ ಮುಗಿಬಿದ್ದರು. ಜುಲೈನಲ್ಲಿ ಪಿಆರ್‌ಐ 71 ವರ್ಷಗಳ ನಂತರ ಸೋತಿತು. ಸೋಲಿಸಿದ್ದು ಸಿನಿಮಾ ಅಂತ ಕೆಲವರು ಹೇಳ್ತಾರೆ. ಅದು ಸುಮ್ನೆ ಜಾಸ್ತಿ ಆಯ್ತು.

ಪಕ್ಷ ಬದಲಾದರೂ ಎಸ್ತ್ರಾದಾ ಬದಲಾಗಲಿಲ್ಲ. 2006ರ ಚಿತ್ರ ಬಡತನದ ಬಗ್ಗೆ. 2010ರಲ್ಲಿ ದೇಶ ಸ್ವಾತಂತ್ರ್ಯ ಹೋರಾಟದ 200ನೇ ವರ್ಷ ಆಚರಿಸುತ್ತಿದ್ದಾಗ ಮಾದಕವಸ್ತು ದಂಧೆಯ ಮೇಲೆ ‘ಎಲ್ ಇನ್‌ಫಿಯೆರ್ನೊ’ ತಂದರು. ಸಂಭ್ರಮಿಸಲು ಏನೂ ಇಲ್ಲ ಅಂತ ಪೋಸ್ಟರ್ ಮೇಲೇ ಹಾಕಿಸಿದರು. ನನ್ನ ಪ್ರಕಾರ ಅವರ ಅತ್ಯುತ್ತಮ ಚಿತ್ರ ಇದೇ. 2014ರಲ್ಲಿ, ಟಿವಿ ಕಂಪನಿಯೊಂದು ಭ್ರಷ್ಟ ರಾಜ್ಯಪಾಲನ ಮುಖ ತೊಳೆಯುವ ಕಥೆ. ಆ ಚಿತ್ರಕ್ಕೆ ಮೊದಲು ಕೈಜೋಡಿಸಿದ್ದು ಮೆಕ್ಸಿಕೋದ ದೈತ್ಯ ಟಿವಿ ಕಂಪನಿ ಟೆಲಿವಿಸಾದ್ದೇ ವಿತರಣಾ ಅಂಗ! ಆಮೇಲೆ ಹಿಂದೆ ಸರಿಯಿತು, ಅದರಲ್ಲೇನು ಆಶ್ಚರ್ಯ ಅಲ್ವಾ? ಈ ಎಲ್ಲ ಚಿತ್ರಗಳಲ್ಲೂ ದಾಮಿಯಾನ್ ಅಲ್ಕಾಸರ್ ಎಂಬ ಒಬ್ಬರೇ ನಟ ಮುಂದೆ ನಿಲ್ಲುತ್ತಾರೆ.

2023ರ ‘ಕೆ ವಿವಾ ಮೆಹಿಕೊ’ ಹೊತ್ತಿಗೆ ಎಸ್ತ್ರಾದಾ ಇನ್ನೂ ಗಟ್ಟಿಗರಾಗಿದ್ದರು. ನೆಟ್‌ಫ್ಲಿಕ್ಸ್‌ ಕೈಯಲ್ಲಿದ್ದ ಹಕ್ಕನ್ನು ವಾಪಸ್ ಕೊಂಡು ಮೊದಲು ಥಿಯೇಟರ್‌ಗೇ ತಂದರು. ಎಡಪಂಥದ ಅಧ್ಯಕ್ಷ ಲೋಪೆಸ್ ಒಬ್ರಾದೊರ್ ಅದನ್ನು ಕಳಪೆ ಸಿನಿಮಾ ಅಂತ ಜರೆದರು. ನನ್ನ ತಕರಾರು ಬೇರೆ. ಚಿತ್ರದ ಉದ್ದ 3 ಗಂಟೆ 11 ನಿಮಿಷ. ಅಷ್ಟು ಉದ್ದದ ಚಿತ್ರಕ್ಕೆ ಪ್ರತಿ ಪರದೆಯಲ್ಲೂ ದಿನಕ್ಕೆ ಒಂದು ಷೋ ಕಮ್ಮಿಯಾಗುತ್ತದೆ. ಆ ಷೋ ಕಳೆದದ್ದು ಸರ್ಕಾರವಲ್ಲ, ಎಸ್ತ್ರಾದಾ ಅವರೇ.