ಎಂಡ್ ಟೈಡಲ್: ಉಸಿರಿನ ಕೊನೆ, ಕೊನೆಯುಸಿರಲ್ಲ

ವೆಂಟಿಲೇಟರ್‌ನಲ್ಲಿರುವ ರೋಗಿಯ ಬಗ್ಗೆ ಮೊನ್ನೆ ಒಂದು ಅನುವಾದ ಓದುತ್ತಿದ್ದೆ. ‘ಕೊನೆಯುಸಿರಿನ ಇಂಗಾಲದ ಡೈಆಕ್ಸೈಡ್ ಸಹಜವಾಗಿತ್ತು’ ಅಂತ ಇತ್ತು. ಕೊನೆಯುಸಿರೆಳೆದವರಿಗೆ ಇನ್ನೇನು ಸಹಜ, ಇನ್ನೇನು ಅಸಹಜ? ಮೂಲದಲ್ಲಿ ಇದ್ದದ್ದು ‘ಎಂಡ್ ಟೈಡಲ್ ಸಿಒ2’. ಈ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಇದು ಮೂರನೇ ಸಲ.

ಕನ್ನಡದಲ್ಲಿ ಎರಡು ಪದ ಹಿಂದುಮುಂದಾದರೆ ಮನುಷ್ಯನೇ ಹೋಗಿಬಿಡುತ್ತಾನೆ. ‘ಉಸಿರಿನ ಕೊನೆ’ ಬೇರೆ, ‘ಕೊನೆಯುಸಿರು’ ಬೇರೆ. ಟೈಡಲ್ ಅನ್ನೋದು ಕಡಲಿನ ಉಬ್ಬರ ಇಳಿತದಿಂದ ಬಂದ ಮಾತು. ಗಾಳಿ ಬರುತ್ತದೆ, ಹೋಗುತ್ತದೆ. ಹೋಗುವ ಪ್ರತಿ ಉಸಿರಿಗೂ ಒಂದು ಕೊನೆ ಇದೆ. ನಿಮಿಷಕ್ಕೆ ಹದಿನಾಲ್ಕು ಉಸಿರಾದರೆ ಹದಿನಾಲ್ಕು ಕೊನೆ.

ಸರಿ, ಆ ಕೊನೆಯೇ ಯಾಕೆ ಬೇಕು? ಉಸಿರು ಬಿಟ್ಟಾಗ ಮೊದಲು ಹೊರಬರುವುದು ಶ್ವಾಸನಾಳದಲ್ಲೇ ಸುಮ್ನೆ ನಿಂತಿದ್ದ ಗಾಳಿ. ದೊಡ್ಡವರಲ್ಲಿ ಸುಮಾರು 150 ಮಿಲಿಲೀಟರ್. ಅದು ರಕ್ತದ ಹತ್ತಿರ ಸುಳಿದೇ ಇಲ್ಲ. ಶ್ವಾಸಕೋಶದ ಆಳಕ್ಕೆ ಹೋಗಿ, ರಕ್ತದಿಂದ ಸಿಒ2 ಹೊತ್ತು ತಂದ ಗಾಳಿ ಬರುವುದು ಕೊನೆಗೆ. ಮಾನಿಟರ್ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಗೆರೆ ಸೊನ್ನೆಯಲ್ಲಿ ಮಲಗಿರುತ್ತದೆ, ತಟ್ಟನೆ ಏರುತ್ತದೆ, ಮೇಲೆ ಸ್ವಲ್ಪ ದೂರ ಬಯಲಿನ ಹಾಗೆ ಸಾಗಿ ಧೊಪ್ಪನೆ ಬೀಳುತ್ತದೆ. ಬೀಳುವ ಮುಂಚಿನ ಆ ಅಂಚೇ ಎಂಡ್ ಟೈಡಲ್. ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸ, ಬಿ.ಪಿ. ಅಳೆಯುವ ಅದೇ ಒತ್ತಡದ ಅಳತೆ.

ಈ ಗೆರೆ ಬರೆಯುವುದಕ್ಕೆ ಕ್ಯಾಪ್ನೋಗ್ರಫಿ ಅಂತ ಹೆಸರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅಲ್ಲ ಇದು, ದಯವಿಟ್ಟು. ಗ್ರೀಕ್‌ನಲ್ಲಿ ಕಪ್ನೋಸ್ ಅಂದರೆ ಹೊಗೆ. ಸುಮ್ನೆ ಇಟ್ಟ ಹೆಸರೇನಲ್ಲ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅನ್ನೋ ರಸಾಯನಶಾಸ್ತ್ರಜ್ಞ ಇದ್ದಿಲು ಸುಟ್ಟಾಗ ಸಿಕ್ಕಿದ್ದು ಇದೇ ಸಿಒ2 ಅನಿಲ. ಮುಂದಿನ ಶತಮಾನದಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್, ನಾವು ಬಿಡುವ ಉಸಿರಿನಲ್ಲೂ ಅದೇ ಇದೆ ಅಂತ ಸುಣ್ಣದ ತಿಳಿನೀರಿನಿಂದ ತೋರಿಸಿದ. ಹೈಸ್ಕೂಲಿನಲ್ಲಿ ನೀವೂ ಸ್ಟ್ರಾ ಹಾಕಿ ಊದಿ, ನೀರು ಹಾಲಿನಂತಾಗುವುದನ್ನು ನೋಡಿದ್ದೀರಿ, ಅಲ್ವಾ? ನಮ್ಮಲ್ಲಿ ‘ಹೊಗೆ ಹಾಕಿಸ್ಕೊಂಡ’ ಅಂದರೆ ಕಥೆ ಮುಗಿಯಿತು ಅಂತ. ಐಸಿಯುನಲ್ಲಿ ತಿರುಗಾಮುರುಗಾ. ಹೊಗೆ ಬರುತ್ತಿದ್ದರೆ ಒಲೆ ಉರಿಯುತ್ತಿದೆ ಅಂತ ಲೆಕ್ಕ.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯದ್ದು. ‘ಸಿಒ2 ಕೆಟ್ಟ ಗಾಳಿ ತಾನೇ, ಕಮ್ಮಿ ಆದರೆ ಒಳ್ಳೇದಲ್ವಾ?’ ಅಲ್ಲ. ಊರಿನ ಕಸದ ಯಾರ್ಡಿಗೆ ಇವತ್ತು ಕಸ ಕಮ್ಮಿ ಬಂತು ಅಂದುಕೊಳ್ಳಿ. ಊರು ಚೊಕ್ಕ ಆಯ್ತು ಅಂತಲೋ, ಕಸದ ಆಟೋ ಓಡಲಿಲ್ಲ ಅಂತಲೋ? ಮೈಯ ಜೀವಕೋಶಗಳು ಸಿಒ2 ಮಾಡುತ್ತವೆ, ರಕ್ತ ಅದನ್ನು ಹೊತ್ತು ತರುತ್ತದೆ, ಶ್ವಾಸಕೋಶ ಹೊರಗೆ ಹಾಕುತ್ತದೆ. ವೆಂಟಿಲೇಟರ್‌ನಲ್ಲಿ ಮಂಪರಿನಲ್ಲಿರುವ ರೋಗಿಗೆ ಉಸಿರಿನ ಅಳತೆ, ವೇಗ ಎರಡನ್ನೂ ಮಷಿನ್ನೇ ಕಟ್ಟಿಟ್ಟಿರುತ್ತದೆ. ಮೈಯಲ್ಲಿ ಸಿಒ2 ತಯಾರಾಗುವುದೂ ಎರಡು ನಿಮಿಷದಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಹಾಗಿದ್ದೂ ಅಂಕಿ 38ರಿಂದ 24ಕ್ಕೆ ಇಳಿದರೆ, ಶ್ವಾಸನಾಳಕ್ಕೆ ಹಾಕಿದ ಟ್ಯೂಬ್ ನೆಟ್ಟಗಿದೆಯಾ ಅಂತ ಮೊದಲು ನೋಡಬೇಕು. ಅದು ಸರಿ ಇದ್ದರೆ ಅನುಮಾನ ಆಟೋ ಮೇಲೆ, ಅಂದರೆ ರಕ್ತದ ಹರಿವಿನ ಮೇಲೆ. ಹೃದಯ ಸಾಕಷ್ಟು ರಕ್ತ ತಳ್ಳುತ್ತಿಲ್ಲ, ಅಥವಾ ಶ್ವಾಸಕೋಶಕ್ಕೆ ಹೋಗುವ ದಾರಿಗೆ ಹೆಪ್ಪು ಅಡ್ಡ ಬಂದಿದೆ. ಉಸಿರಿನ ಅಂಕಿ ಹೃದಯದ ಅಂಕಿ ಆಗುವುದು ಹೀಗೆ. ಉಸಿರಿನ ಅನಿಲದಿಂದ ರಕ್ತದ ಹರಿವಿನ ಲೆಕ್ಕ ಹಾಕಬಹುದು ಅಂತ ಜರ್ಮನಿಯ ಶರೀರಶಾಸ್ತ್ರಜ್ಞ ಅಡಾಲ್ಫ್ ಫಿಕ್ 1870ರಲ್ಲೇ ಹೇಳಿದ್ದ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದ ಪ್ರಯೋಗ ಕಾಲು ಎತ್ತುವುದು. ಬಿ.ಪಿ. ಬಿದ್ದ ರೋಗಿಗೆ ಡ್ರಿಪ್ ಏರಿಸಬೇಕೋ ಬೇಡವೋ? ಒರಗಿಸಿದ್ದ ಹಾಸಿಗೆಯ ತಲೆ ಭಾಗ ತಗ್ಗಿಸಿ ಕಾಲನ್ನು 45 ಡಿಗ್ರಿ ಎತ್ತುತ್ತಾರೆ. ಕಾಲಿನ ರಕ್ತ ಹೃದಯದ ಕಡೆ ಹರಿಯುತ್ತದೆ. ಒಂದೆರಡು ನಿಮಿಷದಲ್ಲಿ ಎಂಡ್ ಟೈಡಲ್ ಶೇ. 5ರಷ್ಟು ಏರಿದರೆ ಹೃದಯ ಆ ರಕ್ತವನ್ನು ಮುಂದೆ ತಳ್ಳಿದೆ ಅಂತ, ಡ್ರಿಪ್‌ನಿಂದ ಉಪಯೋಗ ಆಗಬಹುದು. 40 ಇದ್ದದ್ದು 42 ಆಗುವುದು, ಅಷ್ಟೇ. ಆ ಹೊತ್ತಿನಲ್ಲಿ ಯಾರಾದರೂ ವೆಂಟಿಲೇಟರ್ ಗುಂಡಿ ಮುಟ್ಟಿದರೆ ಎಲ್ಲಾ ಕೆಟ್ಟಿತು. ಸೂಜಿ ಇಲ್ಲ, ಖರ್ಚಿಲ್ಲ, ಕಾಲು ಇಳಿಸಿದರೆ ಹೋದ ರಕ್ತ ವಾಪಸ್.

ಸಿಪಿಆರ್‌ನಲ್ಲಂತೂ ಇದು ಎದುರಿಗೇ ಕಾಣುತ್ತದೆ. ಎದೆ ಒತ್ತುವವರ ಕೈ ಸೋತರೆ ಅಂಕಿ ಇಳಿಯುತ್ತದೆ, ಹೊಸಬರು ಬಂದು ಗಟ್ಟಿಯಾಗಿ ಒತ್ತಿದರೆ ಏರುತ್ತದೆ. ನಿಂತಿದ್ದ ಹೃದಯ ಮತ್ತೆ ಹೊಡೆದುಕೊಂಡರೆ ಒಮ್ಮೆಗೇ 35, 40ಕ್ಕೆ ಜಿಗಿಯಬಹುದು. ಆಟೋ ಹೊರಟಿತು, ಮನೆ ಮನೆ ಮುಂದೆ ಬಿದ್ದಿದ್ದ ಕಸ ಒಟ್ಟಿಗೇ ಯಾರ್ಡಿಗೆ ಬಂತು. 20 ನಿಮಿಷ ಒತ್ತಿದರೂ 10 ದಾಟದಿದ್ದರೆ ಬದುಕುವ ಸಾಧ್ಯತೆ ತೀರಾ ಕಮ್ಮಿ. ಹಾಗಂತ ಅದೊಂದೇ ಅಂಕಿ ನೋಡಿ ಕೈಬಿಡುವ ಹಾಗಿಲ್ಲ. ಏರಿತು ಅಂತ ಹಿಗ್ಗುವ ಮುಂಚೆಯೂ ಒಂದು ಕೇಳಿಕೊಳ್ಳಬೇಕು: ಈಗಷ್ಟೇ ಸೋಡಾ ಬೈಕಾರ್ಬ್ ಕೊಟ್ಟರಾ? ರಕ್ತದ ಆಮ್ಲ ತಗ್ಗಿಸಲು ಕೊಡುವ ಆ ಇಂಜೆಕ್ಷನ್ ಮೈಯೊಳಗೆ ಸಿಒ2 ಹುಟ್ಟಿಸುತ್ತದೆ. ಕೊಟ್ಟಿದ್ದರೆ, ಕೆಲವು ನಿಮಿಷ ಬರುವ ಹೊಗೆ ಸಿರಿಂಜಿನದು.