ಗೆಲ್ಲಿಸುವ ಸವಾರ: ಡೊಮೆಸ್ಟೀಕ್ ಕೆಲಸದ ಬಗ್ಗೆ ಟಿಪ್ಪಣಿ

ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನಲ್ಲಿ ಒಂದು ತಂಡಕ್ಕೆ 8 ಸವಾರರು. ರೇಸ್ ಗೆಲ್ಲಲೆಂದು ಇಳಿಯುವ ಲೀಡರ್ ಸಾಮಾನ್ಯವಾಗಿ ಒಬ್ಬನೇ. ಉಳಿದವರಲ್ಲಿ ಹೆಚ್ಚಿನವರು 21 ಹಂತಗಳಲ್ಲೂ (ದಿನಕ್ಕೊಂದು ಹಂತ) ಅವನಿಗಾಗಿ ತುಳಿಯುತ್ತಾರೆ. ಇವರೇ ಡೊಮೆಸ್ಟೀಕ್‌ಗಳು. ಹಾಕಿ ನೋಡಿ ಬೆಳೆದ ಕೊಡಗಿನವರಿಗೆ ಚೆಂಡು ತಂದುಕೊಟ್ಟವನ ಬೆಲೆ ಹೇಳಿಕೊಡಬೇಕಿಲ್ಲ. ಆದರೆ ಹಾಕಿಯಲ್ಲಿ ಗೆಲುವು ತಂಡದ್ದು, ಇಲ್ಲಿ ಒಬ್ಬನ ಹೆಸರಿಗೆ. ಅದಕ್ಕೇ ಬಹುಮಾನದ ಹಣವನ್ನು ತಂಡದವರೆಲ್ಲ ಹಂಚಿಕೊಳ್ಳುವ ರೂಢಿ ಇದೆ.

ಮೊದಲು ಗಾಳಿಯ ಲೆಕ್ಕ ಅರ್ಥ ಮಾಡಿಕೊಳ್ಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸವಾರನ ಶ್ರಮದ ಬಹುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಉಳಿಯುತ್ತದೆ. ಕುಶಾಲನಗರದ ಸುತ್ತಿನ ಸಮತಟ್ಟು ರಸ್ತೆಯಲ್ಲಿ ಗೆಳೆಯನ ಹಿಂದೆ ಜೋರಾಗಿ ಹೋಗಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಅದೇ ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ನಮ್ಮ ವೇಗ 10–12 ಕಿ.ಮೀ. ಅಷ್ಟೇ ಅಲ್ವಾ? ಅಲ್ಲಿ ಗಾಳಿಗಿಂತ ನಮ್ಮ ತೂಕವೇ ದೊಡ್ಡ ಕಷ್ಟ. ಹಿಂದೆ ಅಂಟಿಕೊಂಡರೂ ಲಾಭ ಕಡಿಮೆ.

ಇದರಿಂದಲೇ ಕೆಲಸ ಹಂಚಿಕೆಯಾಗುತ್ತದೆ. ಸಮತಟ್ಟಿಗೆ ಗಟ್ಟಿ ಮೈಕಟ್ಟಿನವರು ಬೇಕು. ಬೆಲ್ಜಿಯಂನ ಟಿಮ್ ಡೆಕ್ಲರ್ಕ್ ಗಂಟೆಗಟ್ಟಲೆ ಗುಂಪಿನ ಮುಂದೆ ಎಳೆಯುತ್ತಿದ್ದುದಕ್ಕೆ 'ಟ್ರ್ಯಾಕ್ಟರ್' ಅಂತಲೇ ಹೆಸರಾದರು. ಬೆಟ್ಟಕ್ಕೆ ಹಗುರ ಮೈಯವರು. ಅವರು ಒಂದೇ ಸಮನೆ ಜೋರು ವೇಗ ಇಟ್ಟರೆ ಎದುರಾಳಿಗಳಿಗೆ ದಾಳಿ ಮಾಡಲು, ಅಂದರೆ ಇದ್ದಕ್ಕಿದ್ದಂತೆ ಮುಂದೆ ನುಗ್ಗಲು, ಉಸಿರೇ ಉಳಿಯುವುದಿಲ್ಲ.

ನೀರು ತರುವುದು ಸುಮ್ನೆ ಸಣ್ಣ ಕೆಲಸ ಅಂದುಕೊಳ್ಳಬೇಡಿ. ಗುಂಪಿನ ಹಿಂದಿರುವ ಟೀಮ್ ಕಾರಿನವರೆಗೆ ಹೋಗಿ, ಅರ್ಧ ಲೀಟರಿನ ಆರೇಳು ಬಾಟಲಿಗಳನ್ನು ಜರ್ಸಿಯೊಳಗೆ ತುಂಬಿಕೊಂಡು ಮತ್ತೆ ಮುಂದೆ ಬರಬೇಕು. ಅಂದರೆ ಮೂರು ಕೆ.ಜಿ.ಗೂ ಜಾಸ್ತಿ ಭಾರ.

ಎಲ್ಲಕ್ಕಿಂತ ಕಷ್ಟದ್ದು ತನ್ನ ಅವಕಾಶ ಬಿಟ್ಟುಕೊಡುವುದು. 1934ರ ಟೂರ್‌ನಲ್ಲಿ ರೆನೆ ವಿಯೆಟ್ಟೊಗೆ 20 ವರ್ಷ. ಎಲ್ಲರಿಗಿಂತ ಚೆನ್ನಾಗಿ ಬೆಟ್ಟ ಹತ್ತುತ್ತಿದ್ದ. ಪಿರೆನೀಸ್ ಬೆಟ್ಟಗಳಲ್ಲಿ ಲೀಡರ್ ಆಂಟೊನಿನ್ ಮ್ಯಾಗ್ನೆಯ ಚಕ್ರ ಕೆಟ್ಟಾಗ ತನ್ನದನ್ನೇ ಬಿಚ್ಚಿ ಕೊಟ್ಟು, ರಸ್ತೆ ಬದಿಯಲ್ಲಿ ಕಾಯುತ್ತಾ ಕುಳಿತ. ಮರುದಿನ ಮ್ಯಾಗ್ನೆಗೆ ಮತ್ತೆ ತೊಂದರೆ. ಮುಂದೆ ಹೋಗಿದ್ದ ವಿಯೆಟ್ಟೊ ತಿರುಗಿ ಬೆಟ್ಟದ ಮೇಲಕ್ಕೆ ಬಂದು ಮತ್ತೆ ನೆರವಾದ. ಟೂರ್ ಮ್ಯಾಗ್ನೆ ಗೆದ್ದ. ವಿಯೆಟ್ಟೊಗೆ 5ನೇ ಸ್ಥಾನ. ಅವನು ಟೂರ್ ಗೆಲ್ಲಲೇ ಇಲ್ಲ. ಇದನ್ನು ಬರೀ ತ್ಯಾಗದ ಕಥೆಯಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆ ನಷ್ಟ ನಿಜವಾದದ್ದು.

ಅದೃಷ್ಟ ತಿರುಗುವುದೂ ಉಂಟು. 2023ರಲ್ಲಿ ಡೊಮೆಸ್ಟೀಕ್ ಸೆಪ್ ಕುಸ್ ಇಟಲಿಯ ದೊಡ್ಡ ರೇಸ್ ಜಿರೊ ಡಿ'ಇಟಾಲಿಯಾದಲ್ಲಿ ರೊಗ್ಲಿಚ್‌ಗೆ, ಟೂರ್‌ನಲ್ಲಿ ವಿಂಗೆಗಾರ್ಡ್‌ಗೆ ದುಡಿದು ಇಬ್ಬರನ್ನೂ ಗೆಲ್ಲಿಸಿದರು. ಅದೇ ವರ್ಷ ಸ್ಪೇನ್‌ನ ದೊಡ್ಡ ರೇಸ್ ವುಯೆಲ್ಟಾವನ್ನು ತಾವೇ ಗೆದ್ದರು. ಆ ಇಬ್ಬರು ಲೀಡರ್‌ಗಳು 2 ಮತ್ತು 3ನೇ ಸ್ಥಾನದಲ್ಲಿದ್ದರು.

ಇನ್ನೊಂದು ವಿಷಯ. ಬೆಟ್ಟದ ಬುಡದಲ್ಲಿ ಕೆಲಸ ಮುಗಿದರೂ ಡೊಮೆಸ್ಟೀಕ್ ನಿಲ್ಲುವಂತಿಲ್ಲ. ಗೆದ್ದವನ ಸಮಯಕ್ಕೆ ತಕ್ಕಂತೆ ಗಡುವು ಇರುತ್ತದೆ, ಅದು ಮೀರಿದರೆ ಮರುದಿನ ಓಟವಿಲ್ಲ. ಹಿಂದುಳಿದವರು ಬೇರೆ ಬೇರೆ ತಂಡದವರಾದರೂ ಒಟ್ಟಾಗಿ ಹತ್ತುತ್ತಾರೆ. ಆ ಗುಂಪಿಗೆ ಗ್ರುಪೆಟ್ಟೊ ಅನ್ನುತ್ತಾರೆ.

ಅಭ್ಯಾಸಕ್ಕೆ: ಮುಂದಿನ ಸಲ ರೇಸ್ ನೋಡುವಾಗ ಗುರಿ ಇನ್ನೂ 60 ಕಿ.ಮೀ. ಇರುವಾಗ ಗುಂಪಿನ ಮುಂದೆ ಯಾರಿದ್ದಾರೆ ಅಂತ ಬರೆದುಕೊಳ್ಳಿ. ಅವರು ಕೊನೆಗೆ ಎಷ್ಟನೆಯವರಾಗಿ ಬಂದರು ಅಂತಲೂ ಹುಡುಕಿ.